ಇಪ್ಪತ್ತು ವರ್ಷದ ಲಾಗ್ ಫೈಲ್

ಸರ್ವರ್ ಮೇಲೆ ಮಾನಿಟರಿಂಗ್ ಹಾಕೋದು ಯಾಕೆ? ಏನಾದ್ರೂ ಕೆಟ್ಟರೆ ಅಲರ್ಟ್ ಬರಲಿ, ಯಾರಾದ್ರೂ ಎದ್ದು ಸರಿ ಮಾಡಲಿ ಅಂತ. ಬರೀ ಗ್ರಾಫ್ ನೋಡ್ತಾ ಕೂರೋದಕ್ಕಲ್ಲ. ಅಮೆರಿಕದ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯ 1975ರಲ್ಲಿ ಹೊರತಂದ ಒಂದು ವರದಿ ಓದುವಾಗ ಇದೇ ಪ್ರಶ್ನೆ ಕಾಡಿತು. ಡಾ. ರಾಬರ್ಟ್ ಕೊನಾರ್ಡ್ ತಂಡ ಬರೆದದ್ದು. 'ಆಕಸ್ಮಿಕವಾಗಿ' ವಿಕಿರಣ ಬೂದಿಗೆ ಸಿಕ್ಕ ಮಾರ್ಷಲ್ ದ್ವೀಪದ ಜನರ ಇಪ್ಪತ್ತು ವರ್ಷಗಳ ತಪಾಸಣೆಯ ಸಾರ ಅಂತ ಅದರ ಶೀರ್ಷಿಕೆಯೇ ಹೇಳುತ್ತೆ. ನನ್ನ ತಕರಾರು ಆ ಒಂದು ಪದದ ಮೇಲೆ.

ನಡೆದದ್ದು ಇಷ್ಟು. 1954ರ ಮಾರ್ಚ್ 1ರಂದು ಅಮೆರಿಕ ಪೆಸಿಫಿಕ್ ಸಾಗರದ ಬಿಕಿನಿ ಹವಳದ್ವೀಪದಲ್ಲಿ 'ಬ್ರಾವೊ' ಎಂಬ ಹೈಡ್ರೋಜನ್ ಬಾಂಬ್ ಸಿಡಿಸಿತು. ಶಕ್ತಿ 15 ಮೆಗಾಟನ್, ಅಂದಾಜಿಗಿಂತ ಎರಡು ಪಟ್ಟಿಗೂ ಹೆಚ್ಚು. ಪೂರ್ವಕ್ಕಿರುವ ರೊಂಗೆಲಾಪ್ ಮೇಲೆ ಹವಳದ ಬಿಳಿ ಬೂದಿ ಉದುರಿತು. ಅಲ್ಲಿದ್ದ 64 ಜನರನ್ನು ಹೊರಗೆ ಕರೆದೊಯ್ದದ್ದು ಎರಡು ದಿನ ಕಳೆದ ಮೇಲೆ. 1957ರಲ್ಲಿ, ಇನ್ನೇನೂ ಭಯವಿಲ್ಲ ಅಂತ ಅವರನ್ನು ಅದೇ ದ್ವೀಪಕ್ಕೆ ವಾಪಸ್ ಕಳಿಸಿದರು.

ವರದಿಯನ್ನು ಸುಳ್ಳು ಅನ್ನೋಕಾಗಲ್ಲ. ಬೂದಿ ಬಿದ್ದಾಗ ಚಿಕ್ಕವರಾಗಿದ್ದ ಮಕ್ಕಳಲ್ಲಿ 1963ರಿಂದ ಥೈರಾಯ್ಡ್ ಗಂಟುಗಳು ಕಾಣಿಸಿಕೊಂಡವು. ತಂಡ ಅದನ್ನು ಗುರುತಿಸಿತು. ಶಸ್ತ್ರಚಿಕಿತ್ಸೆ ಆಯಿತು, ಥೈರಾಯ್ಡ್ ಮಾತ್ರೆ ಕೊಡಲು ಶುರುಮಾಡಿದರು. ಆಗ ಒಂದು ವರ್ಷದ ಕೂಸಾಗಿದ್ದ ಹುಡುಗ 1972ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡದ್ದೂ ದಾಖಲಾಗಿದೆ. ವರ್ಷವರ್ಷವೂ ವೈದ್ಯರು ಹೋಗದಿದ್ದರೆ ಇದ್ಯಾವುದೂ ಗೊತ್ತಾಗುತ್ತಿರಲಿಲ್ಲ.

ಆದರೆ ಹೋಲಿಕೆಗೆ ಇಟ್ಟುಕೊಂಡ ಗುಂಪು ನೋಡಿ. ಬೂದಿ ಬಿದ್ದ ದಿನ ಊರಲ್ಲಿ ಇರದೆ, 1957ರಲ್ಲಿ ಇವರ ಜೊತೆ ಬಂದು ನೆಲೆಸಿದ ನೆಂಟರಿಷ್ಟರು ಲೆಕ್ಕದಲ್ಲಿ 'ವಿಕಿರಣ ತಾಗದವರು'. ಇವರೂ ಅದೇ ಮಣ್ಣಿನ ತೆಂಗಿನಕಾಯಿ ತಿಂದರು. ಇವರ ಮೈಯಲ್ಲೂ ಸೀಸಿಯಂ ಸೇರಿತು, ಅದನ್ನು ಅಳೆದದ್ದೂ ಇದೇ ತಂಡ. ಟೆಸ್ಟ್ ಬರೆದು ಅಭ್ಯಾಸ ಇರುವ ಯಾರಿಗಾದರೂ ಗೊತ್ತು, ಎರಡೂ ಕಡೆ ಕಲಬೆರಕೆ ಇದ್ದರೆ ವ್ಯತ್ಯಾಸ ನಿಜಕ್ಕಿಂತ ಕಮ್ಮಿ ಕಾಣುತ್ತೆ.

ಬ್ರಾವೊ ದಿನ ಆದದ್ದನ್ನು ಆಕಸ್ಮಿಕ ಅಂತಲೇ ಇಟ್ಟುಕೊಳ್ಳೋಣ. 1957ರ ವಾಪಸಾತಿ ಆಕಸ್ಮಿಕ ಹೇಗಾಗುತ್ತೆ? ಅದು ಯಾರೋ ಕೂತು ತೆಗೆದುಕೊಂಡ ತೀರ್ಮಾನ. ಈ ಜನ ಅಲ್ಲಿ ಬದುಕುವುದರಿಂದ ಮನುಷ್ಯರ ಮೇಲಿನ ವಿಕಿರಣದ ಬಗ್ಗೆ ಅಮೂಲ್ಯ ಮಾಹಿತಿ ಸಿಗುತ್ತದೆ ಅಂತ ಇದೇ ಪ್ರಯೋಗಾಲಯದವರು ಆ ವರ್ಷದ ತಪಾಸಣೆಯ ವರದಿಯಲ್ಲಿ ಬರೆದಿದ್ದರು. ಮೊದಲ ಮೂರು ವರ್ಷಕ್ಕೆ ಹೊಂದುವ ಪದವನ್ನು ಇಪ್ಪತ್ತು ವರ್ಷಕ್ಕೂ ಹೊದಿಸಿರುವುದೇ ಈ ವರದಿಯ ದೊಡ್ಡ ದೋಷ. ಕಾಯಿಲೆಯನ್ನು ನಿಷ್ಠೆಯಿಂದ ಬರೆದಿಟ್ಟವರು, ಕಾಯಿಲೆಯ ಜಾಗದಲ್ಲೇ ಜನರನ್ನು ಇರಿಸಿದ್ದು ಯಾಕೆ ಅಂತ ತಮ್ಮನ್ನು ಕೇಳಿಕೊಳ್ಳಲಿಲ್ಲ.

ಕೊನೆಗೆ 1985ರಲ್ಲಿ ರೊಂಗೆಲಾಪ್ ಜನರೇ ಊರು ಬಿಡುವ ತೀರ್ಮಾನ ಮಾಡಿದರು. ಸಾಮಾನು ಸರಂಜಾಮು ಕಟ್ಟಿಕೊಂಡು ಗ್ರೀನ್‌ಪೀಸ್‌ನ 'ರೇನ್‌ಬೋ ವಾರಿಯರ್' ಹಡಗು ಹತ್ತಿ ಮೆಜಾಟೊ ಎಂಬ ಪುಟ್ಟ ದ್ವೀಪಕ್ಕೆ ಹೋದರು. ಅಷ್ಟು ಹೊತ್ತಿಗೆ ಈ ವರದಿ ಬಂದು ಹತ್ತು ವರ್ಷ ಆಗಿತ್ತು.