ಮುಚ್ಚಿದ ಬಾಟಲಿಯ ಪರೀಕ್ಷೆ ಸಾಕೇ?

ಕಣ್ಣಿಗೆ ಬಿಡುವ ಔಷಧದ ಬಾಟಲಿಯ ಮೇಲಿರುವ ಎಕ್ಸ್‌ಪೈರಿ ತಿಂಗಳು ಅಂದಾಜಿನದಲ್ಲ, ಸ್ಥಿರತೆ ಪರೀಕ್ಷೆಯಿಂದ ಬಂದದ್ದು. ಫ್ರಿಜ್ ಬೇಡದ ಔಷಧವನ್ನು 40 ಡಿಗ್ರಿ ಸೆಲ್ಸಿಯಸ್‌ನಲ್ಲಿ 6 ತಿಂಗಳು ಕಾಯಿಸುತ್ತಾರೆ. ಜೊತೆಗೆ ಸಾಮಾನ್ಯ ಉಷ್ಣತೆಯಲ್ಲೂ ದೀರ್ಘಕಾಲ ಇಟ್ಟು ನೋಡುತ್ತಾರೆ. ಔಷಧ ಎಷ್ಟು ಉಳಿದಿದೆ, ಅದು ಕೆಟ್ಟು ಹುಟ್ಟಿದ ವಸ್ತುಗಳೆಷ್ಟು ಎಂಬುದನ್ನು ಎಚ್‌ಪಿಎಲ್‌ಸಿ ಯಂತ್ರ ಬೇರ್ಪಡಿಸಿ ಹೇಳುತ್ತದೆ.

ಈ ಪದ್ಧತಿಯ ಸೂಕ್ಷ್ಮ ಕಾಣುವುದು ಮೆತ್ತನೆಯ ಪ್ಲಾಸ್ಟಿಕ್ ಬಾಟಲಿಯಲ್ಲಿ. ಮಾತ್ರೆಗೆ ತೇವದ ಭಯ. ಅದನ್ನು ಶೇ 75 ಆರ್ದ್ರತೆಯಲ್ಲಿ ಪರೀಕ್ಷಿಸುತ್ತಾರೆ. ಹನಿಯೌಷಧದ ನೀರು ಮಾತ್ರ ಪ್ಲಾಸ್ಟಿಕ್ಕಿನ ಮೂಲಕ ಆವಿಯಾಗಿ ಹೊರಹೋಗುತ್ತದೆ. ಆದ್ದರಿಂದ ಔಷಧ ಪರೀಕ್ಷೆಯ ಅಂತರರಾಷ್ಟ್ರೀಯ ಐಸಿಎಚ್ ಮಾರ್ಗಸೂಚಿ ಇಲ್ಲಿ ಶೇ 25 ಮೀರದ ಆರ್ದ್ರತೆಯ ಒಣಹವೆ ಕೇಳುತ್ತದೆ. 3 ತಿಂಗಳಲ್ಲಿ ಶೇ 5ರಷ್ಟು ನೀರು ಹೋದರೆ ಗಂಭೀರ ಬದಲಾವಣೆ ಎನ್ನುತ್ತದೆ. ನೀರು ಇಂಗಿದಷ್ಟೂ ದ್ರಾವಣ ಗಟ್ಟಿಯಾಗಿ, ಔಷಧ ಕೆಟ್ಟಿರುವುದು ಶೇಕಡಾ ಲೆಕ್ಕದಲ್ಲಿ ಮರೆಯಾಗಬಹುದು. ಬಾಟಲಿಯ ತೂಕ ನೋಡದ ವರದಿ ಅರ್ಧ ವರದಿ.

ಇಷ್ಟು ಜಾಗರೂಕವಾದ ಪರೀಕ್ಷೆಯೂ ಎಡವುವುದು ಬಾಟಲಿ ತೆರೆದ ಮೇಲೆ. ಪ್ರಯೋಗಾಲಯದ ಪೆಟ್ಟಿಗೆಯಲ್ಲಿ ಹವೆ ಕದಲುವುದಿಲ್ಲ. ಹೊರಗೆ, ಉತ್ತರ ಕನ್ನಡ ಜಿಲ್ಲೆಯೊಳಗೇ, ಅದು ಊರಿಂದೂರಿಗೆ ಬದಲಾಗುತ್ತದೆ: ಜೋಯಿಡಾದಲ್ಲಿ ಘಟ್ಟದ ಮಳೆ, ದಾಂಡೇಲಿಯಲ್ಲಿ ಕಾಳಿ ಕಣಿವೆಯ ತೇವ, ಹಳಿಯಾಳ–ಮುಂಡಗೋಡದಲ್ಲಿ ಬಯಲುಸೀಮೆಗೆ ಹತ್ತಿರದ ಏಪ್ರಿಲ್ ಬಿಸಿಲು. ಗ್ಲಾಕೋಮಾಕ್ಕೆ ಕೊಡುವ ಲ್ಯಾಟಾನೊಪ್ರೋಸ್ಟ್‌ನ ಹಲವು ಬ್ರಾಂಡ್‌ಗಳನ್ನು ತೆರೆಯುವ ತನಕ 2ರಿಂದ 8 ಡಿಗ್ರಿಯಲ್ಲಿಡಬೇಕು. ತೆರೆದ ಮೇಲೆ 25 ಡಿಗ್ರಿಯೊಳಗೆ 6 ವಾರ ಬಳಸಬಹುದು. ಬೇಸಿಗೆಯಲ್ಲಿ ಹಳಿಯಾಳದ ಯಾವ ಹಂಚಿನ ಮನೆ 25 ಡಿಗ್ರಿಯಲ್ಲಿರುತ್ತದೆ? ಮಳೆಗಾಲದಲ್ಲಿ ಕರೆಂಟ್ ಹೋದಾಗ ಫ್ರಿಜ್ಜಿನ ಭರವಸೆಯೂ ಇಲ್ಲ.

ಔಷಧದ ಅಂಶ ಸರಿಯಿದ್ದರೂ ಸಾಲದು, ಬಾಟಲಿಗೆ ಸೂಕ್ಷ್ಮಾಣು ಸೇರಬಾರದು. 2023ರಲ್ಲಿ ಚೆನ್ನೈನ ಗ್ಲೋಬಲ್ ಫಾರ್ಮಾ ತಯಾರಿಸಿದ ಕೃತಕ ಕಣ್ಣೀರನ್ನು ಅಮೆರಿಕದಲ್ಲಿ ಹಿಂದಕ್ಕೆ ಪಡೆಯಬೇಕಾಯಿತು. ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾದ ಸೋಂಕಿನಿಂದ ಹಲವರು ದೃಷ್ಟಿ ಕಳೆದುಕೊಂಡಿದ್ದರು. ಪದೇ ಪದೇ ತೆರೆಯುವ ಬಾಟಲಿಯಲ್ಲಿ ಸಾಕಷ್ಟು ಪ್ರಿಸರ್ವೇಟಿವ್ ಇರಲಿಲ್ಲ, ಸೂಕ್ಷ್ಮಾಣು ಪರೀಕ್ಷೆಯೂ ಸಾಲದಾಗಿತ್ತು ಎಂದು ಅಲ್ಲಿನ ಔಷಧ ನಿಯಂತ್ರಕರು ಹೇಳಿದರು.

ಹಾಗಾಗಿ ತೀರ್ಪು ಇಷ್ಟೇ: ಸ್ಥಿರತೆ ಪರೀಕ್ಷೆ ನಂಬಿಕೆಗೆ ಯೋಗ್ಯ, ಆದರೆ ಅದರ ಮಾತು ಹೆಚ್ಚಾಗಿ ಕಾರ್ಖಾನೆಯ ಬಾಟಲಿಗೆ ಸಲ್ಲುತ್ತದೆ, ರೋಗಿಯ ಕೈಯಲ್ಲಿರುವುದಕ್ಕಲ್ಲ. ಹುಬ್ಬಳ್ಳಿಯಲ್ಲೇ ಸರ್ಕಾರಿ ಔಷಧ ಪರೀಕ್ಷಾ ಪ್ರಯೋಗಾಲಯವಿದೆ. ಏಪ್ರಿಲ್‌ನಲ್ಲಿ ಹಳಿಯಾಳದ, ಜುಲೈಯಲ್ಲಿ ಜೋಯಿಡಾದ ಅಂಗಡಿ ಕಪಾಟುಗಳಿಂದ ಔಷಧ ನಿಯಂತ್ರಣ ಅಧಿಕಾರಿಗಳು ಮಾದರಿ ತೆಗೆದು ಅಲ್ಲಿಗೆ ಕಳಿಸಲಿ. ಲೇಬಲ್ಲಿನ ಎಚ್ಚರಿಕೆ ಕನ್ನಡದಲ್ಲೂ ಇರಲಿ. ಓದುಗರು ಬಾಟಲಿ ತೆರೆದ ದಿನಾಂಕವನ್ನು ಅದರ ಮೇಲೆಯೇ ಬರೆಯಲಿ. ಲೇಬಲ್ ಬೇರೆ ಹೇಳದಿದ್ದರೆ, ತಿಂಗಳಾದ ಮೇಲೆ ಉಳಿದದ್ದನ್ನು ಎಸೆಯಲಿ.