ಎಷ್ಟು ಪರ್ಸೆಂಟ್ ಬ್ಲಾಕ್?

ಕುಳಗೇರಿ ಕ್ರಾಸಿನಲ್ಲಿ ಹುಬ್ಬಳ್ಳಿ ಬಸ್ಸಿಳಿದು ಬಾದಾಮಿ ಬಸ್ಸಿಗೆ ಕಾಯುವವರ ಕೈಯಲ್ಲಿ ದವಾಖಾನೆಯ ಫೈಲು ಕಂಡರೆ ಪಕ್ಕದವರು ಕೇಳುವುದು ಒಂದೇ: ‘ಎಷ್ಟು ಪರ್ಸೆಂಟ್ ಬ್ಲಾಕ್ ಐತಂತ್ರೀ?’ ಆ ಪ್ರಶ್ನೆಯೇ ಅರ್ಧ ತಪ್ಪು. ಹೃದಯದ ರಕ್ತನಾಳ ಎಷ್ಟು ಕಿರಿದಾಗಿದೆ ಎನ್ನುವುದಕ್ಕಿಂತ ಅದನ್ನು ದಾಟಿ ಎಷ್ಟು ರಕ್ತ ಹೋಗುತ್ತಿದೆ ಎನ್ನುವುದು ದೊಡ್ಡದು. ಮಲಪ್ರಭಾ ಕಾಲುವೆಯ ಕೊನೆಯಲ್ಲಿ ಹೊಲ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೇಲೆಲ್ಲೋ ತುಂಬಿದ ಹೂಳನ್ನು ಅವರು ಅಳೆಯುತ್ತ ಕೂರುವುದಿಲ್ಲ; ತಮ್ಮ ಹೊಲಕ್ಕೆ ನೀರು ಬಂತೋ ಇಲ್ಲವೋ ನೋಡುತ್ತಾರೆ.

ವೈದ್ಯರ ಎಫ್‌ಎಫ್‌ಆರ್ ಪರೀಕ್ಷೆಯೂ ಇದೇ. ಕೈ ಅಥವಾ ತೊಡೆಯ ನಾಳದಿಂದ ತೆಳು ತಂತಿ ಹಾಯಿಸಿ, ತಡೆಯ ಆಚೆಗಿನ ಒತ್ತಡವನ್ನು ಈಚೆಗಿನದರಿಂದ ಭಾಗಿಸುತ್ತಾರೆ. ಉತ್ತರ 0.80 ಅಥವಾ ಅದಕ್ಕಿಂತ ಕಡಿಮೆ ಬಂದರೆ ಸ್ಟೆಂಟಿನ ಮಾತು. 2009ರಲ್ಲಿ ಪ್ರಕಟವಾದ ‘ಫೇಮ್’ ಅಧ್ಯಯನದ ರೋಗಿಗಳಲ್ಲಿ, ಆಂಜಿಯೋಗ್ರಾಂನಲ್ಲಿ ಕಣ್ಣಿಗೆ 50ರಿಂದ 70 ಪರ್ಸೆಂಟ್ ಕಂಡ ತಡೆಗಳಲ್ಲಿ ರಕ್ತವನ್ನು ನಿಜವಾಗಿ ತಡೆಯುತ್ತಿದ್ದವು ನೂರಕ್ಕೆ 35 ಮಾತ್ರ.

ತಂತಿಯನ್ನೇ ಬಿಟ್ಟು ಈ ಅಂಕಿಯನ್ನು ಲೆಕ್ಕದಿಂದ ತೆಗೆಯುವುದು ಹೊಸ ದಾರಿ. ಸಿಟಿ ಚಿತ್ರದಿಂದ ನಾಳದ ಆಕಾರ ಕಟ್ಟಿ, ನೀರು, ಗಾಳಿಯ ಹರಿವಿಗೆ 19ನೇ ಶತಮಾನದಲ್ಲಿ ನೇವಿಯರ್, ಸ್ಟೋಕ್ಸ್ ಕೊಟ್ಟ ಸಮೀಕರಣಗಳನ್ನು ಕಂಪ್ಯೂಟರಿನಲ್ಲಿ ಬಿಡಿಸುತ್ತಾರೆ. ಅಮೆರಿಕದ ಹಾರ್ಟ್‌ಫ್ಲೋ ಕಂಪನಿಗೆ 2014ರಲ್ಲಿ ಅಲ್ಲಿನ ಔಷಧ ನಿಯಂತ್ರಕರ ಒಪ್ಪಿಗೆ ಸಿಕ್ಕಿತು. ನಮ್ಮ ಮಣಿಪಾಲದ ಸಂಶೋಧಕರೂ ಕೊರಳಿನ ಕಿರಿದಾದ ನಾಳಗಳ ಮೇಲೆ ಇಂಥ ಲೆಕ್ಕ ನಡೆಸಿ ಪ್ರಬಂಧ ಬರೆದಿದ್ದಾರೆ.

ಹೃದಯದ ನಾಳದ ಈ ಲೆಕ್ಕ ಎಷ್ಟು ನಂಬಲರ್ಹ? 2012ರ ‘ಡಿಫ್ಯಾಕ್ಟೊ’ ಪರೀಕ್ಷೆ ತಾನೇ ಹಾಕಿಕೊಂಡ ಗುರಿ ಮುಟ್ಟಲಿಲ್ಲ. ತಂತಿಯ ಉತ್ತರಕ್ಕೆ ತಾಳೆಯಾದದ್ದು ನೂರಕ್ಕೆ 73. ಎರಡು ವರ್ಷದ ಬಳಿಕ, ಸುಧಾರಿಸಿದ ಲೆಕ್ಕದಲ್ಲಿ ಅದು 81ಕ್ಕೆ ಏರಿತು. ಅಂದರೆ ಐವರಲ್ಲಿ ಸುಮಾರು ಒಬ್ಬರಿಗೆ ಆಗಲೂ ತಪ್ಪು ಉತ್ತರ. ಗಣಿತದ ತಪ್ಪಲ್ಲ ಇದು. ನಾಳದಲ್ಲಿ ಸುಣ್ಣ ಕಟ್ಟಿದ್ದರೆ, ಹೃದಯ ಜೋರಾಗಿ ಬಡಿಯುತ್ತಿದ್ದರೆ ಚಿತ್ರವೇ ಮಸಕು. ನನಗೆ ಇನ್ನೂ ದೊಡ್ಡದಾಗಿ ಕಾಣುವ ಕುಂದು ಬೇರೆ: ಕೆಳಗಿನ ಸಣ್ಣ ನಾಳಗಳು ಎಷ್ಟು ಅಗಲವಾಗುತ್ತವೆ ಎಂಬುದನ್ನು ಕಂಪ್ಯೂಟರು ಅಳೆಯುವುದಿಲ್ಲ, ಊಹಿಸಿಕೊಳ್ಳುತ್ತದೆ. ತೂಬು ಪೂರ್ತಿ ತೆರೆದಿದೆ ಎಂದುಕೊಂಡು ಕಾಲುವೆಯ ಲೆಕ್ಕ ಹಾಕಿದ ಹಾಗೆ.

ಆದರೂ ಇದನ್ನು ತಳ್ಳಿಹಾಕಲಾರೆ. 2015ರ ‘ಪ್ಲಾಟ್‌ಫಾರ್ಮ್’ ಅಧ್ಯಯನದಲ್ಲಿ ಆಂಜಿಯೋಗ್ರಾಂಗೆ ಹೆಸರು ಬರೆಸಿದ್ದವರಲ್ಲಿ 61 ಪರ್ಸೆಂಟ್ ಮಂದಿಗೆ, ಸಿಟಿ ಮತ್ತು ಈ ಲೆಕ್ಕ ನೋಡಿದ ಮೇಲೆ, ಅದು ಬೇಡವಾಯಿತು. ಖರ್ಚು ಮಾತ್ರ ಇಳಿಯುತ್ತದೆಂಬ ಖಾತ್ರಿಯಿಲ್ಲ. 2021ರ ಬ್ರಿಟನ್ನಿನ ಅಧ್ಯಯನದಲ್ಲಿ ಆಂಜಿಯೋಗ್ರಾಂ ಕಡಿಮೆಯಾದವು, ಬಿಲ್ಲು ಕಡಿಮೆಯಾಗಲಿಲ್ಲ. ‘ನೋವಿಲ್ಲ, ತಂತಿಯಿಲ್ಲ’ ಎಂಬ ಜಾಹೀರಾತಿನ ದನಿಯೂ ನನಗೆ ಹಿಡಿಸದು. ಸಿಟಿಗೂ ಡೈ ಚುಚ್ಚುತ್ತಾರೆ, ಎಕ್ಸರೇ ತಾಗುತ್ತದೆ, ಕಿಡ್ನಿ ಸೋತವರು ಯೋಚಿಸಬೇಕು.

ಲೆಕ್ಕ ಯಾವ ದೇಶದಲ್ಲಾದರೂ ನಡೆದೀತು. ಚಿತ್ರಕ್ಕೆ ಮಾತ್ರ ರೋಗಿಯೇ ಬೇಕು, ವೇಗದ ಸಿಟಿ ಯಂತ್ರವೂ ಬೇಕು. ಈ ಕ್ರಾಸಿನವರು ಅದಕ್ಕಾಗಿ ಮತ್ತೆ ಬಸ್ಸು ಹತ್ತಲೇಬೇಕು.

ನಡೆದಾಗ ಎದೆ ನೋಯುತ್ತದೆ, ನಿಂತರೆ ಇಳಿಯುತ್ತದೆ ಎನ್ನುವವರಿಗೆ ಈ ಪರೀಕ್ಷೆ ಸರಿ. ಎದೆ ಈಗಲೇ ಹಿಂಡುತ್ತಿದ್ದರೆ, ಬೆವರು ಕಿತ್ತುಬರುತ್ತಿದ್ದರೆ ಇದ್ಯಾವುದೂ ಬೇಡ. 108ಕ್ಕೆ ಫೋನ್ ಮಾಡಿ, ಹತ್ತಿರದ ದವಾಖಾನೆಯಲ್ಲಿ ಮೊದಲು ಇಸಿಜಿ ಮಾಡಿಸಿ.