ಬೆರಳಿಗೂ ನಾದಕ್ಕೂ ನಡುವಿನ ಕಾಲ

ಹೊಸ ಎಲೆಕ್ಟ್ರಾನಿಕ್ ವಾದ್ಯದ ಬಗ್ಗೆ ಬರೆಯುವಾಗ ನಾವು ಅದರ ನಾದವನ್ನಷ್ಟೇ ಚರ್ಚಿಸುತ್ತೇವೆ. ಮುಟ್ಟಿದ ಬೆರಳಿಗೆ ಅದು ಎಷ್ಟು ಬೇಗ ಓಗೊಡುತ್ತದೆ ಎಂಬ ಪ್ರಶ್ನೆ ವಿಮರ್ಶೆಯೊಳಗೆ ಬರುವುದೇ ಇಲ್ಲ. ಕೇಳುಗರಿಗೆ ಆ ತಡ ತಿಳಿಯದು, ನುಡಿಸುವವರಿಗೆ ಮಾತ್ರ ತಿಳಿಯುತ್ತದೆ. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಪ್ರಯೋಗಾಲಯವೊಂದರಲ್ಲಿ ಹುಟ್ಟಿದ ‘ಬೆಲಾ’ ಎಂಬ ಪುಟ್ಟ ಬೋರ್ಡು ಈ ತಡವನ್ನೇ ತನ್ನ ವಸ್ತುವಾಗಿಸಿಕೊಂಡಿದೆ. ಆದ್ದರಿಂದ ಅದನ್ನೂ ಒಂದು ಕೃತಿಯಂತೆ ಓದಬಹುದು.

ಸಾಮಾನ್ಯ ಕಂಪ್ಯೂಟರು ಧ್ವನಿಯನ್ನು ಕಂತುಗಳಲ್ಲಿ ಸಂಸ್ಕರಿಸುತ್ತದೆ. ಸೆಕೆಂಡಿಗೆ 44,100 ಸ್ಯಾಂಪಲ್‌ಗಳಿದ್ದು ಒಂದು ಕಂತಿಗೆ 256 ಎಂದಾದರೆ, ಆ ಒಂದು ಕಂತಿಗೇ ಸುಮಾರು 6 ಮಿಲಿಸೆಕೆಂಡು ಹಿಡಿಯುತ್ತದೆ. ಬೆಲಾದಲ್ಲಿ ಧ್ವನಿಯ ಕೆಲಸಕ್ಕೆ ಲಿನಕ್ಸ್‌ನ ಉಳಿದೆಲ್ಲ ಕೆಲಸಗಳಿಗಿಂತ ಮೊದಲ ಸರದಿ. ಅಲ್ಲಿ ಕಂತನ್ನು 2 ಸ್ಯಾಂಪಲ್‌ಗೆ ಇಳಿಸಬಹುದು, ಒಟ್ಟು ತಡವನ್ನು 1 ಮಿಲಿಸೆಕೆಂಡಿನ ಆಸುಪಾಸಿಗೆ ತರಬಹುದು. ಅಷ್ಟು ಹೊತ್ತಿನಲ್ಲಿ ಶಬ್ದ ಗಾಳಿಯಲ್ಲಿ ಸಾಗುವುದು ಸುಮಾರು 34 ಸೆಂಟಿಮೀಟರು. ವೀಣೆಯ ತಂತಿಯ ನಾದ ವೈಣಿಕರ ಕಿವಿ ತಲುಪಲು ಇದಕ್ಕಿಂತ ಹೆಚ್ಚು ಹೊತ್ತು ಬೇಕು.

ಆದರೆ ಈ ಅಂಕಿಗೇ ಮರುಳಾಗಬೇಕಿಲ್ಲ. ಅದೇ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 10 ಮಿಲಿಸೆಕೆಂಡಿನ ಸ್ಥಿರ ತಡವನ್ನು ವಾದಕರು ಹೆಚ್ಚುಕಡಿಮೆ ಒಪ್ಪಿಕೊಂಡರು. ಅದೇ 10ರಲ್ಲಿ 3 ಮಿಲಿಸೆಕೆಂಡಿನ ಏರುಪೇರು ಸೇರಿಸಿದಾಗ, 20 ಮಿಲಿಸೆಕೆಂಡಿನ ತಡದಷ್ಟೇ ಕಳಪೆ ಎಂದರು. ನಮ್ಮ ಮಾತಿನಲ್ಲಿ ಹೇಳುವುದಾದರೆ, ಒಂದು ಮಿತಿಯೊಳಗಿನ ವಿಳಂಬಕ್ಕೆ ಕೈ ಒಗ್ಗಿಕೊಳ್ಳುತ್ತದೆ, ಲಯ ತಪ್ಪಿದ್ದಕ್ಕೆ ಒಗ್ಗುವುದಿಲ್ಲ.

ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಬೆಲಾ ಸ್ಪರ್ಶವನ್ನು ಓದುವ ರೀತಿ. 1983ರಲ್ಲಿ ಬಂದ ಮಿಡಿ ಪದ್ಧತಿ ಕೀಲಿಯನ್ನು ಒತ್ತಿದ ವೇಗವನ್ನು 0ಯಿಂದ 127ರೊಳಗಿನ ಒಂದು ಸಂಖ್ಯೆಗೆ ಇಳಿಸುತ್ತದೆ. ಬೆಲಾ ಎಂಟು ಸೆನ್ಸರ್‌ಗಳನ್ನು ಸೆಕೆಂಡಿಗೆ 22,050 ಬಾರಿ, ಧ್ವನಿಯ ಜೊತೆಜೊತೆಗೇ ಓದಬಲ್ಲದು. ಉಜ್ಜುವುದು, ಕೆರೆಯುವುದು, ಜಾರುವುದು ಎಲ್ಲವೂ ಒಳಗೆ ಬರುತ್ತವೆ. ಸ್ವರಗಳ ನಡುವಿನ ಜಾಗದಲ್ಲೇ ಗಮಕವನ್ನು ಕೇಳಿ ಬೆಳೆದವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ.

ನನ್ನ ತಕರಾರು ಬೇರೆ. ಬೆಲಾಗೂ ಮೊದಲು ವಿಕ್ಟರ್ ಜಾಪ್ಪಿ ಮತ್ತು ಆಂಡ್ರ್ಯೂ ಮೆಕ್‌ಫರ್ಸನ್ ‘ಡಿ-ಬಾಕ್ಸ್’ ಎಂಬ ವಾದ್ಯ ಮಾಡಿದ್ದರು. ಬೇಕೆಂದೇ ಸೌಲಭ್ಯ ಕಡಿಮೆ ಇಟ್ಟ ಪೆಟ್ಟಿಗೆ ಅದು. ಒಳಗಿನ ವೈರುಗಳನ್ನು ವಾದಕರೇ ಬದಲಿಸಬಹುದಿತ್ತು. ಆ ಇಕ್ಕಟ್ಟಿನಲ್ಲೇ ಒಬ್ಬೊಬ್ಬರೂ ತಮ್ಮದೇ ಶೈಲಿ ಕಂಡುಕೊಂಡರು. ಅದರಿಂದ ಬೆಳೆದ ಬೆಲಾ ಯಾವ ವಾದ್ಯವನ್ನಾದರೂ ಕಟ್ಟಿಕೊಳ್ಳಿ ಎನ್ನುತ್ತದೆ, ಡೈಸಿ ಮತ್ತು ಟೀನ್ಸಿಯಂಥ ಬೋರ್ಡುಗಳೂ ಹಾಗೆಯೇ. ಕಟ್ಟುವುದು ಸುಲಭವಾದಷ್ಟೂ ಒಂದನ್ನು ಬಿಟ್ಟು ಮತ್ತೊಂದಕ್ಕೆ ಕೈಹಾಕುವುದೂ ಸುಲಭ. ವಾದ್ಯವಾದರೋ ವರ್ಷಗಟ್ಟಲೆಯ ಸಾಧಕವನ್ನು ಬೇಡುತ್ತದೆ. ಇಂಥ ವಾದ್ಯಗಳನ್ನು ಅಳೆಯುವಾಗ ಮಿಲಿಸೆಕೆಂಡಿನ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: ಕಟ್ಟಿದ ಮೇಲೆ ಇದನ್ನು ಯಾರು ನುಡಿಸುತ್ತಿದ್ದಾರೆ, ಎಷ್ಟು ವರ್ಷಗಳಿಂದ?